ಮೇಲ್ ವಿಳಾಸವನ್ನು ಬಾಲದಿಂದ ಓದಬೇಕು

ಏಳನೇ ಇಯತ್ತೆಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರು ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ಬಂದರು. ಕಚೇರಿ ಅಂದರೆ ದೊಡ್ಡದೇನಲ್ಲ. ವಿಜಯಪುರದ ಗಾಂಧಿ ಚೌಕದ ಹತ್ತಿರ ಮೇಲ್ಮಹಡಿಯ ಒಂದು ಕೋಣೆ, ಎರಡು ಕಂಪ್ಯೂಟರ್, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಫೈಲುಗಳ ರಾಶಿ. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ ಮಾಸ್ತರು ಫೋನ್ ಮುಂದೆ ಹಿಡಿದರು.

“ತಮ್ಮಾ, ಬ್ಯಾಂಕಿನಿಂದ ಮೇಲ್ ಬಂದೈತಿ ನೋಡು. ಇವತ್ತ ಸಂಜೀ ಐದರೊಳಗ ಕೆವೈಸಿ ಮಾಡ್ಲಿಲ್ಲಂದ್ರ ಖಾತೆ ಬಂದ್ ಮಾಡ್ತಾರಂತ. ಸಣ್ಣ ಅಕ್ಷರ ನನಗ ಕಾಣಂಗಿಲ್ಲ, ನೀನೇ ತುಂಬಿಬಿಡು.”

ಮೇಲ್ ನೋಡಿದೆ. ಬ್ಯಾಂಕಿನ ಲಾಂಛನ ಸರಿಯಾಗಿತ್ತು. ಮಾಸ್ತರ ಪೂರ್ತಿ ಹೆಸರು ಇತ್ತು. ಇಂಗ್ಲಿಷಿನ ಕೆಳಗೆ ಕನ್ನಡವೂ ಇತ್ತು, ಕಾಗುಣಿತ ತಪ್ಪಿಲ್ಲದ ಕನ್ನಡ. ‘ಬ್ಯಾಂಕುಗಳು ವಿಲೀನವಾಗಿವೆ, ನಮ್ಮ ಜಾಲತಾಣದ ವಿಳಾಸ ಬದಲಾಗಿದೆ, ಆದ್ದರಿಂದ ಗ್ರಾಹಕರು ಮತ್ತೊಮ್ಮೆ ಗುರುತು ದೃಢಪಡಿಸಬೇಕು’ ಎಂದು ಬರೆದು ಒಂದು ನೀಲಿ ಗುಂಡಿ ಇಟ್ಟಿದ್ದರು.

ಈ ಮೇಲ್‌ನಲ್ಲಿ ಮುಕ್ಕಾಲು ಭಾಗ ನಿಜವೇ ಇತ್ತು ಅನ್ನುವುದನ್ನು ಗಮನಿಸಬೇಕು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಐಎಫ್‌ಎಸ್‌ಸಿ ಬದಲಾಗಿ, ಚೆಕ್ ಪುಸ್ತಕ ಬದಲಾಗಿ ನಮ್ಮ ಕಡೆಯ ಜನ ಶಾಖೆಗೆ ಎಡತಾಕಿದ್ದು ನೆನಪಿದೆ. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕ್ ಕೂಡಿ ಒಂದೇ ಬ್ಯಾಂಕ್ ಆದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಹಳ್ಳಿಗಳಲ್ಲಿ ಈ ಖಾತೆಗಳಿವೆ. ಜಾಲತಾಣದ ವಿಳಾಸ ಬದಲಾದದ್ದೂ ಸುಳ್ಳಲ್ಲ, ಅದರ ಮಾತು ಮುಂದೆ ಬರುತ್ತದೆ. ಮೋಸಗಾರ ಶುದ್ಧ ಸುಳ್ಳು ಕಟ್ಟುವುದಿಲ್ಲ. ಪೇಪರಿನಲ್ಲಿ ಬಂದ ಸುದ್ದಿಯೊಂದನ್ನು ತೆಗೆದುಕೊಂಡು ಅದರ ತುದಿಗೆ ಒಂದು ಗಾಳ ಕಟ್ಟುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ಫಿಶಿಂಗ್ ಎಂಬ ಹೆಸರು ಬಂದದ್ದೂ ಮೀನು ಹಿಡಿಯುವ ಮಾತಿನಿಂದಲೇ.

‘ಕಾಗುಣಿತ ತಪ್ಪಿದ್ದರೆ ಮೋಸದ ಮೇಲ್ ಎಂದು ತಿಳಿಯಿರಿ’ ಎಂಬ ಹಳೆಯ ಸಲಹೆ ಇನ್ನೂ ಭಿತ್ತಿಪತ್ರಗಳಲ್ಲಿ ಓಡಾಡುತ್ತಿದೆ. ಅದನ್ನು ಈಗ ಕೈಬಿಡುವುದು ಒಳ್ಳೆಯದು. ಯಂತ್ರವೇ ಹದವಾದ ಕನ್ನಡ ಬರೆದುಕೊಡುವ ಕಾಲ ಇದು. ತಪ್ಪಿಲ್ಲದ ಮೇಲ್ ಅಂದರೆ ನಿಜವಾದ ಮೇಲ್ ಎಂದು ಜನ ತಿರುಗಿಸಿ ಅರ್ಥ ಮಾಡಿಕೊಳ್ಳುವುದರಿಂದ ಆ ಸಲಹೆಯಿಂದ ಹಾನಿಯೇ ಹೆಚ್ಚು.

ಹಾಗಾದರೆ ಏನು ನೋಡಬೇಕು? ಮಾಸ್ತರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ಹೆಸರು ಬೇರೆ, ವಿಳಾಸ ಬೇರೆ

ಮೇಲ್‌ನ ತಲೆಯಲ್ಲಿ ಕಾಣುವ ಕಳಿಸಿದವರ ಹೆಸರು ಕಳಿಸಿದವರೇ ಬರೆದುಕೊಂಡದ್ದು. ಲಗ್ನಪತ್ರಿಕೆಯ ಕೆಳಗೆ ‘ಇಂತಿ ತಮ್ಮ ಆಗಮನಾಭಿಲಾಷಿಗಳು’ ಎಂದು ಯಾರ ಹೆಸರನ್ನು ಬೇಕಾದರೂ ಅಚ್ಚು ಹಾಕಿಸಬಹುದು, ಪ್ರೆಸ್ಸಿನವನು ಆಧಾರ್ ಕೇಳುವುದಿಲ್ಲ. ಮೇಲ್ ಕೂಡ ಹಾಗೆಯೇ. ಅದನ್ನು ಊರಿಂದೂರಿಗೆ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿ ರೂಪುಗೊಂಡದ್ದು 1982ರಲ್ಲಿ. ಆಗ ಆ ಜಾಲದಲ್ಲಿ ಇದ್ದವರು ಬಹುಪಾಲು ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳ ಜನ, ಒಬ್ಬರನ್ನೊಬ್ಬರು ನಂಬಿದ್ದರು. ಕಳಿಸಿದವನು ಯಾರು ಎಂದು ತಪಾಸಣೆ ಮಾಡುವ ಏರ್ಪಾಡನ್ನೇ ಅದರಲ್ಲಿ ಇಟ್ಟಿರಲಿಲ್ಲ.

ಆ ತೂತು ಮುಚ್ಚಲು ಆಮೇಲೆ ಮೂರು ತೇಪೆ ಹಾಕಿದರು. ಎಸ್‌ಪಿಎಫ್ ಎನ್ನುವುದು ಅಂಚೆಯ ಠಸ್ಸೆ ಇದ್ದ ಹಾಗೆ: ಈ ಹೆಸರಿನ ಪತ್ರ ಯಾವ ಯಾವ ಅಂಚೆ ಕಚೇರಿಯಿಂದ ಹೊರಡಬಹುದು ಎಂಬ ಪಟ್ಟಿ. ಡಿಕೆಐಎಂ ಎನ್ನುವುದು ಅರಗಿನ ಮುದ್ರೆ. ದಾರಿಯಲ್ಲಿ ಯಾರೂ ಒಡೆದು ತಿದ್ದಿಲ್ಲ ಎಂಬುದಕ್ಕೆ ಸಾಕ್ಷಿ. ಮೂರನೆಯದು ಡಿಮಾರ್ಕ್: ಠಸ್ಸೆಯಾಗಲಿ ಮುದ್ರೆಯಾಗಲಿ ಹೊಂದದಿದ್ದರೆ ನನ್ನ ಹೆಸರಿನ ಆ ಪತ್ರವನ್ನು ಮನೆಗೆ ಮುಟ್ಟಿಸಬೇಡ ಎಂದು ಮಾಲೀಕ ಅಂಚೆಯವನಿಗೆ ಕೊಟ್ಟ ಅಪ್ಪಣೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಮೇಲ್‌ನ ಮೂಲೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಎಂದರೆ ಈ ಮೂರರ ಫಲಿತಾಂಶ ಕಾಣುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಓದುಬರಹ ಬಲ್ಲವರೂ ಇಲ್ಲಿ ಎಡವುತ್ತಾರೆ. ಮೋಸಗಾರ ತನ್ನದೇ ಹೆಸರಿನಲ್ಲಿ ಒಂದು ವಿಳಾಸ ಕೊಂಡು, ಅದಕ್ಕೆ ತಾನೇ ಠಸ್ಸೆ, ಮುದ್ರೆ ಎಲ್ಲ ಹಾಕಿಕೊಂಡು ಕಳಿಸಿದರೆ ಮೂರೂ ಪರೀಕ್ಷೆಯಲ್ಲಿ ಪಾಸಾಗುತ್ತಾನೆ. ಈ ಪರೀಕ್ಷೆಗಳು ಹೇಳುವುದು ಪತ್ರ ಆ ವಿಳಾಸದಿಂದಲೇ ಬಂತು ಎಂದಷ್ಟೇ. ಆ ವಿಳಾಸ ಬ್ಯಾಂಕಿನದೋ ಕಳ್ಳನದೋ ಎಂದು ಹೇಳುವುದಿಲ್ಲ. ಬ್ರೌಸರಿನ ಬೀಗದ ಚಿತ್ರದ ಕಥೆಯೂ ಇದೇ. ನೀವು ಟೈಪ್ ಮಾಡಿದ್ದನ್ನು ನಡುವೆ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಆಚೆ ತುದಿಯಲ್ಲಿ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು? ಜನ ಅದನ್ನು ಬೇರೆ ಅರ್ಥದಲ್ಲಿ ನಂಬುತ್ತಿದ್ದಾರೆಂದೇ 2023ರಲ್ಲಿ ಕ್ರೋಮ್ ಬ್ರೌಸರ್ ಆ ಬೀಗದ ಚಿತ್ರವನ್ನು ತೆಗೆದುಹಾಕಿತು.

ಆದ್ದರಿಂದ ಕೊನೆಗೂ ಓದಬೇಕಾದದ್ದು ವಿಳಾಸವನ್ನೇ. ಅದನ್ನು ಓದುವ ಕ್ರಮ ನಮಗೆ ಗೊತ್ತಿಲ್ಲದ್ದೇನಲ್ಲ. ಲಕೋಟೆಯ ಮೇಲೆ ನಾವು ಬರೆಯುವುದು ಹೇಗೆ? ಮೊದಲು ಮನೆ, ಆಮೇಲೆ ಓಣಿ, ಆಮೇಲೆ ಊರು, ಕೊನೆಗೆ ಜಿಲ್ಲೆ. ಗಾಂಧಿ ಚೌಕ ಎಂದಷ್ಟೇ ಬರೆದರೆ ಅಂಚೆಯವನು ಎಲ್ಲಿಗೆ ಒಯ್ಯಬೇಕು? ಊರಿಗೊಂದು ಗಾಂಧಿ ಚೌಕವಿದೆ. ಅದು ವಿಜಯಪುರದ್ದೋ ಮತ್ತೊಂದು ಊರಿನದೋ ಎಂದು ತಿಳಿಯಬೇಕಾದರೆ ಕೊನೆಯ ಸಾಲು ನೋಡಬೇಕು. ಜಾಲದ ವಿಳಾಸದಲ್ಲೂ ಹಾಗೆಯೇ, ಊರು ಇರುವುದು ಬಾಲದಲ್ಲಿ. ಮೇಲ್ ವಿಳಾಸದಲ್ಲಿ ‘ಅಟ್’ ಗುರುತಿನ ಬಲಕ್ಕಿರುವ ಭಾಗ, ಲಿಂಕಿನಲ್ಲಿ ಮೊದಲ ಒಂಟಿ ಓರೆಗೆರೆ ಬರುವವರೆಗಿನ ಭಾಗ: ಇದನ್ನು ಹಿಂದಿನಿಂದ ಮುಂದಕ್ಕೆ ಓದಿ.

ಮಾಸ್ತರ ಫೋನಿನಲ್ಲಿ ಆ ನೀಲಿ ಗುಂಡಿಯ ಮೇಲೆ ಬೆರಳು ಒತ್ತಿ ಹಿಡಿದೆ. ತಟ್ಟಿ ಬಿಡಬಾರದು, ಹಿಡಿದೇ ಇರಬೇಕು. ಆಗ ಲಿಂಕ್ ತೆರೆಯದೆ ಅದರ ಪೂರ್ತಿ ವಿಳಾಸ ಕಾಣುತ್ತದೆ. ಬ್ಯಾಂಕಿನ ಹೆಸರು, ಡಾಟ್ ಬ್ಯಾಂಕ್, ಡಾಟ್ ಇನ್, ಅಲ್ಲಿಗೆ ನಿಲ್ಲದೆ ಮುಂದೆ ಡಾಟ್ ಇನ್ನೇನೋ, ಕೊನೆಗೆ ಡಾಟ್ ಟಾಪ್ ಎಂದಿತ್ತು. ತಲೆಯ ಕಡೆ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ತನ್ನ ಮನೆಗೆ ‘ಗೋಳಗುಮ್ಮಟ’ ಎಂದು ಹೆಸರಿಟ್ಟವನು ಆದಿಲ್‌ಶಾಹ ಆಗುವುದಿಲ್ಲ.

ಜಾಲತಾಣದ ವಿಳಾಸ ಬದಲಾಯಿತು ಎಂದೆನಲ್ಲ, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೇಶದ ಎಲ್ಲ ಬ್ಯಾಂಕುಗಳೂ ತಮ್ಮ ಜಾಲತಾಣವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಬಾಲಕ್ಕೆ ಬದಲಾಯಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಆದೇಶಿಸಿತು. ಅಕ್ಟೋಬರ್ 31ರ ಗಡುವು ಕೊಟ್ಟಿತು. ಡಾಟ್ ಕಾಮ್ ಅಥವಾ ಡಾಟ್ ಟಾಪ್ ವಿಳಾಸವನ್ನು ಕೆಲವು ನೂರು ರೂಪಾಯಿ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು. ಆದರೆ ಈ ಬಾಲವನ್ನು ಹಂಚುವ ಅಧಿಕಾರ ಇರುವುದು ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಒಂದೇ ಸಂಸ್ಥೆಗೆ, ಅದು ಕೊಡುವುದು ಬ್ಯಾಂಕುಗಳಿಗೆ ಮಾತ್ರ. ವಿಳಾಸದ ತೀರಾ ಕೊನೆಗೆ ಈ ಬಾಲ ಇದ್ದರೆ ಅದು ಬ್ಯಾಂಕಿನ ಅಂಗಳವೇ. ನಡುವೆ ಇದ್ದು ಮುಂದೆ ಇನ್ನೇನೋ ಅಂಟಿಕೊಂಡಿದ್ದರೆ, ಅಥವಾ ಚುಕ್ಕಿಯ ಜಾಗದಲ್ಲಿ ಅಡ್ಡಗೆರೆ ಇದ್ದರೆ, ಅಲ್ಲ.

ನಮ್ಮ ಮೂರು ಜಿಲ್ಲೆಯವರಿಗೆ ಒಂದು ಮಾತು ಸೇರಿಸಬೇಕು. ಇಲ್ಲಿ ಬ್ಯಾಂಕಿಗಿಂತ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿಗಳ ಬೋರ್ಡುಗಳೇ ಹೆಚ್ಚು ಕಾಣುತ್ತವೆ. ಅವು ಬ್ಯಾಂಕುಗಳಲ್ಲ, ಅವುಗಳಿಗೆ ಈ ಬಾಲ ಸಿಗುವುದಿಲ್ಲ. ಅವುಗಳ ಹೆಸರಿನಲ್ಲಿ ಮೇಲ್ ಬಂದರೆ ವಿಳಾಸದ ಪರೀಕ್ಷೆಗೆ ಹೋಗದೆ ನೇರ ಕಾರ್ಯದರ್ಶಿಯನ್ನೇ ಕೇಳಿ. ಹೇಗೂ ಅವರು ಸಿಗುವುದು ಎರಡು ಓಣಿ ಆಚೆ.

ಕಣ್ಣಿಗೆ ಮಣ್ಣೆರಚುವ ಇನ್ನೂ ಕೆಲವು ಆಟಗಳಿವೆ. ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಷರಗಳನ್ನು ಒತ್ತಟ್ಟಿಗೆ ಬರೆದರೆ ಫೋನಿನಲ್ಲಿ ಎಂ ಎಂದೇ ಕಾಣುತ್ತದೆ. ರಷ್ಯನ್ ಲಿಪಿಯ ಒಂದು ಅಕ್ಷರ ಇಂಗ್ಲಿಷಿನ ಎ ತರಹವೇ ಇದೆ. ನೋಡುವವರಿಗೆ ಒಂದೇ, ಯಂತ್ರಕ್ಕೆ ಬೇರೆ. ಲಿಂಕನ್ನು ಕ್ಯೂಆರ್ ಚಿತ್ರದೊಳಗೆ ಅಡಗಿಸಿ ಕಳಿಸಿದರಂತೂ ಓದಲು ಏನೂ ಉಳಿಯುವುದಿಲ್ಲ. ಕಣ್ಣನ್ನೇ ನಂಬಿ ಕೂಡಬಾರದು ಅನ್ನುವುದಕ್ಕೆ ಇಷ್ಟು ಸಾಕು. ಬ್ಯಾಂಕಿನ ನಿಜವಾದ ಪುಟವನ್ನು ಒಮ್ಮೆ ಶಾಖೆಯಲ್ಲಿ ಕೇಳಿ ತೆರೆದು ಬ್ರೌಸರಿನಲ್ಲಿ ಗುರುತು ಹಾಕಿಟ್ಟುಕೊಂಡು, ಪ್ರತಿ ಸಲ ಅಲ್ಲಿಂದಲೇ ಒಳಗೆ ಹೋಗುವುದು ಕಣ್ಣಿಗಿಂತ ಗಟ್ಟಿ ದಾರಿ. ಪಾಸ್‌ವರ್ಡನ್ನು ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಉಳಿಸುವವರಿಗೆ ಇನ್ನೊಂದು ಲಾಭವಿದೆ. ಅದು ವಿಳಾಸವನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತದೆ, ಅದಕ್ಕೆ ಚಾಳೀಸು ಬೇಕಿಲ್ಲ. ದಿನಾ ತಾನೇ ತುಂಬುತ್ತಿದ್ದ ಪಾಸ್‌ವರ್ಡ್ ಇವತ್ತು ಸುಮ್ಮನಿದೆ ಅಂದರೆ ನೀವು ಬೇರೆ ಮನೆಯ ಬಾಗಿಲಲ್ಲಿ ನಿಂತಿದ್ದೀರಿ.

ಒಟಿಪಿ ಇದ್ದರೂ ದುಡ್ಡು ಹೋಗುವುದು ಹೇಗೆ

“ಪಾಸ್‌ವರ್ಡ್ ಕದ್ರ ಏನಾತು, ಒಟಿಪಿ ನನ್ನ ಫೋನಿಗೇ ಬರ್ತೈತಲ್ಲ” ಎಂದು ಮಾಸ್ತರು ಕೇಳಿದರು. ಗಣಿತದವರ ಪ್ರಶ್ನೆ. ಉತ್ತರ ಹೀಗಿದೆ.

ನಕಲಿ ಪುಟದಲ್ಲಿ ನೀವು ಬಳಕೆದಾರ ಐಡಿ, ಪಾಸ್‌ವರ್ಡ್ ಹಾಕುತ್ತೀರಿ. ಅದು ಆ ಕ್ಷಣವೇ ಆಚೆ ಕೂತವನ ಪರದೆಯಲ್ಲಿ ಕಾಣುತ್ತದೆ. ಅವನು ಅದನ್ನೇ ಬ್ಯಾಂಕಿನ ನಿಜವಾದ ಪುಟದಲ್ಲಿ ತುಂಬುತ್ತಾನೆ. ಈ ಕೆಲಸಕ್ಕೆ ಈಗ ಮನುಷ್ಯನೂ ಬೇಕಿಲ್ಲ, ಪ್ರೋಗ್ರಾಂ ಸಾಕು. ಬ್ಯಾಂಕು ನಿಮಗೆ ನಿಜವಾದ ಒಟಿಪಿ ಕಳಿಸುತ್ತದೆ. ಬಂದದ್ದು ಬ್ಯಾಂಕಿನಿಂದಲೇ ಆದ್ದರಿಂದ ನಿಮಗೆ ಅನುಮಾನ ಇನ್ನಷ್ಟು ಕಡಿಮೆಯಾಗುತ್ತದೆ. ನಕಲಿ ಪುಟ ‘ಒಟಿಪಿ ಹಾಕಿ’ ಎನ್ನುತ್ತದೆ. ಹಾಕುತ್ತೀರಿ. ಅವನು ಒಳಗೆ ಹೋಗಿ ತನ್ನ ಕಡೆಯ ಖಾತೆಯೊಂದನ್ನು ಹಣ ಪಡೆಯುವವರ ಪಟ್ಟಿಗೆ ಸೇರಿಸುತ್ತಾನೆ. ಅದಕ್ಕೆ ಇನ್ನೊಂದು ಒಟಿಪಿ. ‘ಮೊದಲನೆಯದು ತಪ್ಪಾಗಿದೆ, ಮತ್ತೆ ಹಾಕಿ’ ಎಂದು ನಕಲಿ ಪುಟ ಕೇಳುತ್ತದೆ. ಕೊಡುತ್ತೀರಿ. ಬ್ಯಾಂಕಿನ ಲೆಕ್ಕದಲ್ಲಿ ಎಲ್ಲವನ್ನೂ ಮಾಡಿದ್ದು ನೀವೇ.

ಒಟಿಪಿಯ ಜೊತೆ ಬರುವ ಸಂದೇಶವನ್ನು ಓದಿದ್ದರೆ ಇಲ್ಲಿ ಉಳಿಯಬಹುದಿತ್ತು. ಅದು ಯಾವ ಕೆಲಸಕ್ಕೆ, ಎಷ್ಟು ರೂಪಾಯಿಗೆ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ. ಕೆವೈಸಿಗೆಂದು ಕೂತವರಿಗೆ ‘ಹಣ ವರ್ಗಾವಣೆಗೆ ಒಟಿಪಿ’ ಬಂದರೆ ಅಲ್ಲೇ ನಿಲ್ಲಬೇಕು. ಆದರೆ ನಾವು ಆರು ಅಂಕಿ ಮಾತ್ರ ಓದುತ್ತೇವೆ, ಉಳಿದದ್ದನ್ನು ಓದುವುದಿಲ್ಲ. ನಾನೂ ಅಷ್ಟೇ.

ಗಡುವು ಹಾಕುವುದು ಇದಕ್ಕೇ. ಸಂಜೆ ಐದರೊಳಗೆ ಎಂದರೆ ಓದಲು ಪುರುಸೊತ್ತಿರುವುದಿಲ್ಲ.

ತಿಜೋರಿಯ ಕೀಲಿ ಎಲ್ಲಿದೆ

ಇಲ್ಲಿಯವರೆಗೆ ಹೇಳಿದ್ದು ಹೊರಗಿನಿಂದ ಬರುವ ಮೇಲ್‌ನ ಮಾತು. ನನಗೆ ಇದಕ್ಕಿಂತ ಹೆಚ್ಚು ಭಯ ಇರುವುದು ನಿಮ್ಮದೇ ಮೇಲ್ ಪೆಟ್ಟಿಗೆಯ ಬಗ್ಗೆ. ಎಟಿಎಂ ಪಿನ್ನನ್ನು ಹೆಂಡತಿಗೂ ಹೇಳದ ಜನ ಮೇಲ್‌ನ ಪಾಸ್‌ವರ್ಡ್ ಏನೆಂದು ಕೇಳಿದರೆ “ಅದು ಮೊಬೈಲ್ ಅಂಗಡಿ ಹುಡುಗಗ ಗೊತ್ತೈತ್ರಿ” ಎನ್ನುತ್ತಾರೆ. ತಮಾಷೆಯಲ್ಲ. ಹೊಸ ಫೋನ್ ಕೊಂಡ ದಿನ ಅಂಗಡಿಯ ಹುಡುಗ ಒಂದು ಜಿಮೇಲ್ ಮಾಡಿಕೊಟ್ಟಿರುತ್ತಾನೆ. ಹೆಸರಿನ ಮುಂದೆ 123, ಇಲ್ಲವೇ ಮೊಬೈಲ್ ನಂಬರೇ ಪಾಸ್‌ವರ್ಡ್. ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಸೈಬರ್ ಸೆಂಟರಿನವನು ಮಾಡಿಕೊಟ್ಟದ್ದು ಇನ್ನೊಂದು. ಮುಂದೆ ಬ್ಯಾಂಕಿನ ಫಾರಂನಲ್ಲಿ ಇಮೇಲ್ ಎಂಬ ಕಾಲಂ ಬಂದಾಗ ಅದೇ ವಿಳಾಸ ಹೋಗಿ ಕೂರುತ್ತದೆ.

ಆ ಪೆಟ್ಟಿಗೆ ತೆರೆದವನಿಗೆ ಏನೇನು ಸಿಗುತ್ತದೆ ನೋಡಿ. ಬೇರೆ ಎಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಲಿಂಕ್ ಬರುವುದು ಅಲ್ಲಿಗೆ. ಬ್ಯಾಂಕಿನ ತಿಂಗಳ ಲೆಕ್ಕಪಟ್ಟಿ ಬರುವುದು ಅಲ್ಲಿಗೆ. ಅದರ ಪಾಸ್‌ವರ್ಡ್ ಹೆಸರಿನ ನಾಲ್ಕಕ್ಷರ ಮತ್ತು ಹುಟ್ಟಿದ ತಾರೀಖು ಎಂದು ಅದೇ ಮೇಲ್‌ನಲ್ಲಿ ವಿವರಿಸಿರುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಆ ಜಿಮೇಲ್ ಖಾತೆಗೇ ಫೋಟೊಗಳೂ ಜೋಡಣೆಯಾಗಿರುತ್ತವೆ. ಆಧಾರ್, ಪಾನ್, ಪಾಸ್‌ಬುಕ್ಕಿನ ಮೊದಲ ಪುಟ, ಚೀಟಿಯ ಮೇಲೆ ಬರೆದ ಪಿನ್ನು, ಎಲ್ಲದರ ಫೋಟೊ ಅಲ್ಲಿ ಸಾಲಾಗಿ ಇರುತ್ತದೆ. ಬ್ಯಾಂಕಿನ ಖಾತೆ ತಿಜೋರಿಯಾದರೆ ಅದರ ಕೀಲಿ ಮೇಲ್ ಪೆಟ್ಟಿಗೆ. ನಾವು ತಿಜೋರಿಗೆ ಕಾವಲು ಹಾಕಿ ಕೀಲಿಯನ್ನು ಬಾಗಿಲ ಗೂಟಕ್ಕೆ ನೇತುಹಾಕಿದ್ದೇವೆ.

ನನ್ನ ಹತ್ತಿರ ಲೆಕ್ಕ ಬರೆಸುವ ಟಿಕೋಟಾ ಕಡೆಯ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಇದನ್ನು ದುಬಾರಿಯಾಗಿ ಕಲಿತರು. ಅವರ ಮಾಲು ಕೋಲ್ಡ್ ಸ್ಟೋರೇಜಿನಿಂದ ಹೊರರಾಜ್ಯದ ಒಬ್ಬ ಖರೀದಿದಾರರಿಗೆ ಹೋಗುತ್ತಿತ್ತು. ಬಿಲ್ಲು ಮೇಲ್‌ನಲ್ಲಿ ಹೋಗುವುದು, ಎಂಟು ಹತ್ತು ದಿನಕ್ಕೆ ದುಡ್ಡು ಬರುವುದು, ವರ್ಷಗಳಿಂದ ನಡೆದ ಪದ್ಧತಿ. ಒಂದು ಸಲ ಹದಿನೈದು ದಿನವಾದರೂ ಬರಲಿಲ್ಲ. ಫೋನ್ ಮಾಡಿದರೆ “ಹಾಕಿಯಾಯಿತಲ್ಲ, ನೀವೇ ಹೊಸ ಖಾತೆ ನಂಬರ್ ಕಳಿಸಿದ್ದಿರಲ್ಲ” ಎಂಬ ಉತ್ತರ. ಒಂದು ಲಾರಿ ಮಾಲಿನ ದುಡ್ಡು ಮೂರನೆಯವನ ಖಾತೆಗೆ ಹೋಗಿತ್ತು.

ಅವರ ಮೇಲ್ ತೆರೆದು ನೋಡಿದೆವು. ಕಳ್ಳ ಅದರೊಳಗೆ ಬಹಳ ದಿನ ಸುಮ್ಮನೆ ಕೂತಿದ್ದ. ಇವರು ಬಿಲ್ಲು ಹೇಗೆ ಬರೆಯುತ್ತಾರೆ, ಕೊನೆಗೆ ಏನೆಂದು ಸಹಿ ಮಾಡುತ್ತಾರೆ, ಎಲ್ಲ ಓದಿಕೊಂಡಿದ್ದ. ಆಮೇಲೆ ಅದೇ ಬಿಲ್ಲಿನಲ್ಲಿ ಖಾತೆ ಸಂಖ್ಯೆ ಮಾತ್ರ ಬದಲಿಸಿ, ಇದೇ ವಿಳಾಸದಿಂದಲೇ ಕಳಿಸಿದ್ದ. ವಿಳಾಸವನ್ನು ಬಾಲದಿಂದ ಓದಿದ್ದರೂ ಖರೀದಿದಾರರಿಗೆ ಗೊತ್ತಾಗುತ್ತಿರಲಿಲ್ಲ, ಯಾಕಂದರೆ ವಿಳಾಸ ಅಸಲಿ. ಸೆಟ್ಟಿಂಗ್ಸ್‌ನಲ್ಲಿ ಒಂದು ಫಿಲ್ಟರ್ ಇತ್ತು: ಆ ಖರೀದಿದಾರರಿಂದ ಬಂದ ಮೇಲ್ ಕಣ್ಣಿಗೆ ಬೀಳುವ ಮೊದಲೇ ಓದಿದ್ದು ಎಂದು ಗುರುತಾಗಿ ಕಸದ ಬುಟ್ಟಿಗೆ ಹೋಗಬೇಕು. “ಹೊಸ ನಂಬರ್ ಖರೆ ಏನ್ರೀ?” ಎಂದು ಅವರು ಬರೆದು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಕೊಟ್ಟವನೂ ಕಳ್ಳನೇ.

ಪಾಸ್‌ವರ್ಡ್ ಬದಲಿಸಿದರೆ ಸಾಲದು, ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಪುಟವನ್ನೂ ತೆರೆದು ನೋಡಬೇಕು ಎಂದು ನಾನು ಹೇಳುವುದು ಅಂದಿನಿಂದ. ಫಾರ್ವರ್ಡಿಂಗ್‌ನಲ್ಲಿ ಗೊತ್ತಿಲ್ಲದ ವಿಳಾಸವಿದ್ದರೆ ನಿಮ್ಮ ಪ್ರತಿ ಮೇಲ್‌ನ ಒಂದು ಪ್ರತಿ ಅಲ್ಲಿಗೂ ಹೋಗುತ್ತಿದೆ. ಪಾಸ್‌ವರ್ಡ್ ಬದಲಿಸಿದ ಮೇಲೂ ಹೋಗುತ್ತಲೇ ಇರುತ್ತದೆ. ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ಖಾತೆ ತೆರೆದೇ ಇದೆ ಎಂಬ ಪಟ್ಟಿಯೂ ಗೂಗಲ್ ಖಾತೆಯ ಸುರಕ್ಷತಾ ಪುಟದಲ್ಲಿದೆ. ಪರಿಚಯವಿಲ್ಲದ್ದನ್ನು ಹೊರಹಾಕಿ. ಅಲ್ಲೇ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದಮೇಲೆ ಇನ್ನೊಂದು ಗುರುತು ಕೇಳುವ ಏರ್ಪಾಡು, ಹಚ್ಚಿ. ಆದರೆ ಪಾಸ್‌ಕೀ ಇಟ್ಟುಕೊಳ್ಳುವುದು ಇನ್ನೂ ಮೇಲು. ಪಾಸ್‌ಕೀ ಅಂದರೆ ಫೋನಿನ ಬೆರಳಚ್ಚಿನಿಂದ ಒಳಹೋಗುವ ವ್ಯವಸ್ಥೆ. ಅದು ಅಸಲಿ ವಿಳಾಸಕ್ಕೆ ಮಾತ್ರ ಕಟ್ಟಿಹಾಕಿದ್ದು, ನಕಲಿ ಪುಟದಲ್ಲಿ ಕೊಡೋಣವೆಂದರೂ ಕೊಡಲು ಬರುವುದಿಲ್ಲ.

ಅದೇ ಪುಟದಲ್ಲಿ ಮರುಪಡೆಯುವ ಫೋನ್ ನಂಬರ್ ಯಾವುದಿದೆ ನೋಡಿ. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಿಮ್ಮು ಎಷ್ಟೋ ಜನರದ್ದು ಇನ್ನೂ ಅಲ್ಲಿ ಕೂತಿದೆ. ಬಂದಾದ ನಂಬರನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಆ ಹೊಸಬರ ಕೈಗೆ ನಿಮ್ಮ ಮೇಲ್‌ನ ಕೀಲಿ ಹೋದಂತೆ.

ಖಾತೆ ಸಂಖ್ಯೆ ಬದಲಾಗಿದೆ ಎಂಬ ಮೇಲ್ ಬಂದರೆ ವ್ಯಾಪಾರಸ್ಥರು ಮೇಲ್‌ನಲ್ಲೇ ಮರಳಿ ಕೇಳಬಾರದು. ಮೊದಲಿನಿಂದ ತಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ, ದನಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯವರಿರಲಿ, ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿಗಳಿರಲಿ, ಬಿಲ್ಲು ಮೇಲ್‌ನಲ್ಲಿ ಓಡಾಡುವ ಯಾರಿಗೂ ಇದು ತಪ್ಪಿದ್ದಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ದುಡ್ಡು ಜಮಾ ಆಗುವುದು ಖಾತೆ ಸಂಖ್ಯೆಯನ್ನು ನೋಡಿ, ಹೆಸರನ್ನು ನೋಡಿಯಲ್ಲ ಎಂಬುದು ಬಹಳ ಜನರಿಗೆ ಗೊತ್ತೇ ಇಲ್ಲ. ನೀವು ಸರಿಯಾದ ಹೆಸರು ಬರೆದು ತಪ್ಪು ಸಂಖ್ಯೆ ಹಾಕಿದರೆ ದುಡ್ಡು ಸಂಖ್ಯೆಯವನಿಗೇ ಹೋಗುತ್ತದೆ. ಈ ಕೊರತೆ ನೀಗಲು, ಹಣ ಕಳಿಸುವ ಮೊದಲು ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತು. ಆ ಹೆಸರು ಪರದೆಯ ಮೇಲೆ ಬಂದಾಗ ಒಮ್ಮೆ ಓದಿ. ಒಣದ್ರಾಕ್ಷಿಯವರ ಬದಲು ಯಾರೋ ಅಪರಿಚಿತ ಹುಡುಗನ ಹೆಸರು ಕಂಡರೆ ಸಾಕು.

ಆ ಹುಡುಗನ ಬಗ್ಗೆಯೂ ಒಂದು ಮಾತು. ಕದ್ದ ದುಡ್ಡು ಕಳ್ಳನ ಸ್ವಂತ ಖಾತೆಗೆ ಹೋಗುವುದಿಲ್ಲ, ಬಾಡಿಗೆ ಖಾತೆಗಳಿಗೆ ಹೋಗುತ್ತದೆ. ‘ನಿನ್ನ ಖಾತೆ, ಎಟಿಎಂ ಕಾರ್ಡು ಒಂದು ತಿಂಗಳು ಕೊಡು, ಐದು ಸಾವಿರ ತಗೋ’ ಎಂದು ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಪೊಲೀಸರು ಮೊದಲು ಬಂದು ನಿಲ್ಲುವುದು ಆ ಹುಡುಗನ ಮನೆ ಬಾಗಿಲಿಗೆ.

ಹೋಯಿತು ಎಂದು ಗೊತ್ತಾದ ಕೂಡಲೇ

1930ಕ್ಕೆ ಫೋನ್ ಮಾಡಿ. ಮನೆಯವರಿಗೆ ಹೇಳಲು ನಾಚಿಕೆಯಾದರೆ ಆಮೇಲೆ ಹೇಳಿ, ಮೊದಲು ಈ ಫೋನ್ ಆಗಲಿ. ಇದು ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. ನಿಮ್ಮ ಖಾತೆ, ಮೊತ್ತ, ಸಮಯ, ಯುಟಿಆರ್ ಎಂಬ ಆ ವ್ಯವಹಾರದ ಗುರುತಿನ ಸಂಖ್ಯೆ ಇಷ್ಟು ಹೇಳಿದರೆ ದುಡ್ಡು ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿಂದ ಮುಂದಿನ ಖಾತೆಗೆ ದಾಟಿದ್ದರೆ ಅದರ ಬೆನ್ನು ಹತ್ತುತ್ತಾರೆ. ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಯುತ್ತಾರೆ. ಎಟಿಎಂನಿಂದ ನಗದಾಗಿ ಹೊರಬಿದ್ದರೆ ಮುಗಿಯಿತು. ಇದು ಓಟದ ಪಂದ್ಯ, ಅದಕ್ಕೇ ಮೊದಲ ಗಂಟೆಗೆ ಅಷ್ಟು ಬೆಲೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಹೋಗಬೇಕು. ಬೇರೊಬ್ಬರ ಪಾಸ್‌ವರ್ಡ್, ಗುರುತು ಬಳಸುವುದು ಐಟಿ ಕಾಯ್ದೆಯ 66ಸಿ, ಬೇರೊಬ್ಬರಂತೆ ನಟಿಸಿ ಕಂಪ್ಯೂಟರ್ ಮೂಲಕ ವಂಚಿಸುವುದು 66ಡಿ ಕಲಂನಡಿ ಅಪರಾಧ. ಎರಡಕ್ಕೂ 3 ವರ್ಷದವರೆಗೆ ಜೈಲು. ಮೋಸದ ಮೇಲನ್ನು ಸಿಟ್ಟಿಗೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಸಾಲದು, ಠಸ್ಸೆ ಮುದ್ರೆಗಳ ವಿವರ ಇರುವುದು ಮೂಲ ಮೇಲ್‌ನಲ್ಲಿ.

ಬ್ಯಾಂಕಿಗೆ ಫೋನ್ ಮಾಡಲು ಕಾರ್ಡಿನ ಹಿಂದೆ ಅಚ್ಚಾದ ನಂಬರನ್ನೇ ಬಳಸಿ. ಗಾಬರಿಯಲ್ಲಿ ‘ಕಸ್ಟಮರ್ ಕೇರ್’ ಎಂದು ಜಾಲದಲ್ಲಿ ಹುಡುಕಿದರೆ ಅಲ್ಲಿ ಮೊದಲು ಸಿಗುವವನು ಇನ್ನೊಬ್ಬ ಕಳ್ಳ ಇರಬಹುದು.

ದುಡ್ಡು ಯಾರು ತುಂಬಿಕೊಡಬೇಕು? ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಇದರ ಲೆಕ್ಕ ಹಾಕಿಕೊಟ್ಟಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ತಪ್ಪು ಇಬ್ಬರದೂ ಅಲ್ಲದೆ ನಡುವೆ ಎಲ್ಲೋ ಸೋರಿಕೆಯಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೂ ಹೊಣೆ ಇಲ್ಲ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲಭೂತ ಉಳಿತಾಯ ಖಾತೆಯವರದು 5,000. ಅದಕ್ಕೂ ತಡವಾದರೆ ಬ್ಯಾಂಕಿನ ನೀತಿ ಹೇಳಿದಂತೆ. ಆದರೆ ಪಾಸ್‌ವರ್ಡ್, ಒಟಿಪಿಯನ್ನು ಗ್ರಾಹಕನೇ ಕೈಯಾರೆ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವನದೇ. ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು.

ಈ ಕೊನೆಯ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸಾಲದ ಜಾಹೀರಾತು, ಕಾರ್ಡಿನ ಕೊಡುಗೆ ಎಂದು ಲಿಂಕ್ ಇಟ್ಟ ಮೇಲ್‌ಗಳನ್ನು ವಾರಕ್ಕೆ ನಾಲ್ಕು ಕಳಿಸಿ ಜನರಿಗೆ ಒತ್ತುವ ಅಭ್ಯಾಸ ಮಾಡಿಸುವುದು ಬ್ಯಾಂಕುಗಳೇ. ಒತ್ತಿದ್ದು ಗ್ರಾಹಕನ ಅಲಕ್ಷ್ಯ ಎಂದು ಆಮೇಲೆ ಹೇಳುವುದು ಸುಲಭ. ಬ್ಯಾಂಕಿನ ಉತ್ತರ 30 ದಿನದಲ್ಲಿ ಬಾರದಿದ್ದರೆ ಅಥವಾ ಬಂದದ್ದು ಸರಿಯೆನಿಸದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. 14448 ಸಂಖ್ಯೆಯಲ್ಲಿ ವಿಚಾರಿಸಬಹುದು.

ದೊಡ್ಡ ಮೊತ್ತ ಒಂದೇ ಕಡೆ ಇಟ್ಟವರು ಇನ್ನೊಂದು ಕೆಲಸ ಮಾಡಬಹುದು. ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟು ಪರಿಹಾರ ಪಡೆದವರು ಇದ್ದಾರೆ, ನಿವೃತ್ತಿಯ ಗಂಟು ಪಡೆದ ನೌಕರರು ಎಲ್ಲ ಊರಲ್ಲೂ ಇದ್ದಾರೆ. ಆ ದುಡ್ಡು ಇರುವ ಖಾತೆಗೆ ನೆಟ್ ಬ್ಯಾಂಕಿಂಗ್ ಬೇಡವೇ ಬೇಡ. ಬೇಕೇ ಬೇಕು ಎಂದರೆ ದಿನದ ಮಿತಿಯನ್ನು ಕಡಿಮೆ ಮಾಡಿಸಿ. ಕಿರಾಣಿಗೆ, ಫೋನ್‌ಪೇಗೆ ಬೇರೆ ಸಣ್ಣ ಖಾತೆ ಇಟ್ಟುಕೊಂಡರಾಯಿತು. ಕಣಜದ ಬಾಗಿಲಿಗೂ ಅಂಗಡಿ ಗಲ್ಲಾಕ್ಕೂ ಒಂದೇ ಕೀಲಿ ಯಾರೂ ಇಡುವುದಿಲ್ಲ.

ಮಾಸ್ತರು ಅವತ್ತು ಎಲ್ಲ ಕೇಳಿಸಿಕೊಂಡು, ಮೇಲ್ ವಿಳಾಸವನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು, ಕೊನೆಯ ಡಾಟ್‌ನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಹೋದರು. ಎರಡು ತಿಂಗಳ ಮೇಲೆ ಮತ್ತೆ ಬಂದರು, ಕೈಯಲ್ಲಿ ಪಾಸ್‌ಬುಕ್ಕಿತ್ತು. ಬ್ಯಾಂಕಿನಿಂದ ಮತ್ತೊಂದು ಕೆವೈಸಿ ಮೇಲ್ ಬಂದಿತ್ತಂತೆ. ಲಿಂಕ್ ಒತ್ತದೆ ಸ್ಟೇಶನ್ ರಸ್ತೆಯ ಶಾಖೆಗೆ ನಡೆದುಕೊಂಡೇ ಹೋಗಿದ್ದಾರೆ.

“ಆ ಮೇಲ್ ಖರೇನ ಇತ್ತಂತ ತಮ್ಮಾ. ಮ್ಯಾನೇಜರ್ ನಕ್ಕ. ಒಂದು ಫಾರಂ ತುಂಬಿಸಿಕೊಂಡ, ಚಹಾ ಕುಡಿಸಿ ಕಳಿಸಿದ.”

“ಸುಮ್ಮನ ಬಿಸಲಾಗ ಅಷ್ಟ ದೂರ ಯಾಕ ಹೋದ್ರಿ ಸರ, ನನಗ ಫೋನ್ ಮಾಡಬೇಕಿಲ್ಲೇನ್ರಿ?”

“ನಿನ್ನ ದನೀನೂ ಯಾರರ ನಕಲ್ ಮಾಡಿದ್ರ?” ಎಂದು ಕೇಳಿ, ಪಾಸ್‌ಬುಕ್ ಜೇಬಿಗೆ ಸೇರಿಸಿಕೊಂಡು ಮೆಟ್ಟಿಲು ಇಳಿದರು.